ಕಡಲ ನೀಲಿಯ ಬೆನ್ನು ಹತ್ತಿದ ಸಿ.ವಿ. ರಾಮನ್

ಮಳೆಗಾಲ ಕಳೆದು ಕೆಂಪು ನೀರು ತಿಳಿಯಾದ ಮೇಲೆ ನಮ್ಮ ಸಿಂಧಘಟ್ಟದ ಸೀಮೆಯ ಯಾವುದಾದರೊಂದು ಕೆರೆಯ ಏರಿಯ ಮೇಲೆ ನಿಂತು ನೋಡಿರಿ. ನೀರು ನೀಲಿಯಾಗಿ ಹರಡಿಕೊಂಡಿರುತ್ತದೆ. ಕೆಳಗಿಳಿದು ಅದೇ ನೀರನ್ನು ವುಝೂಗಾಗಿ ಬೊಗಸೆಯಲ್ಲಿ ಎತ್ತಿಕೊಂಡರೆ ಅದರಲ್ಲಿ ಯಾವ ಬಣ್ಣವೂ ಇಲ್ಲ. ಆ ನೀಲಿ ಎಲ್ಲಿ ಹೋಯಿತು? ಮಕ್ಕಳು ಇದನ್ನು ಕೇಳುತ್ತಾರೆ. ಅದು ಆಕಾಶದ ಬಿಂಬ ಎಂದು ಒಂದೇ ಮಾತಿನಲ್ಲಿ ಹೇಳಿ ಹಿರಿಯರು ಅವರನ್ನು ಸುಮ್ಮನಾಗಿಸುತ್ತಾರೆ.

ಕೆರೆಯ ಮಟ್ಟಿಗೆ ಆ ಉತ್ತರ ಬಹುಪಾಲು ಸರಿಯೇ. ಆದರೆ ಆಳವಾದ ಕಡಲಿನ ಮಟ್ಟಿಗೂ ಅದು ಸರಿಯೇ? ಜಗತ್ತಿನ ದೊಡ್ಡ ವಿದ್ವಾಂಸರೊಬ್ಬರು ಹೌದು ಎಂದಿದ್ದರು. 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಭಾರತೀಯ ಪ್ರಾಧ್ಯಾಪಕರೊಬ್ಬರಿಗೆ ಆ ಮಾತು ಸಾಲದೆನಿಸಿತು. ಅವರು ತಮ್ಮ ಕಣ್ಣಿನಿಂದಲೇ ಪರೀಕ್ಷಿಸಿ ನೋಡಲು ನಿರ್ಧರಿಸಿದರು. ಅವರೇ ಚಂದ್ರಶೇಖರ ವೆಂಕಟರಾಮನ್. ತಮ್ಮ ಬಾಳಿನ ಕೊನೆಯ 37 ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲೇ ಕಳೆದರು, ಅಲ್ಲಿಯ ಮಣ್ಣಿನಲ್ಲೇ ಲೀನವಾದರು. ಅವರ ಬದುಕಿನಲ್ಲಿ ನಮ್ಮ ಮಕ್ಕಳು ಕಲಿಯಬೇಕಾದ ಗುಣಗಳು ಬಹಳ. ನಾವು ಹಿರಿಯರು ಎಚ್ಚರಗೊಳ್ಳಬೇಕಾದ ಒಂದು ತಪ್ಪೂ ಇದೆ.

ಬೆಳಕು ವಸ್ತುವನ್ನು ಸಂಧಿಸಿದಾಗ

ಬೆಳಕು ಒಂದೇ. ಆದರೆ ಅದು ಯಾವ ವಸ್ತುವನ್ನು ಸಂಧಿಸುತ್ತದೆ ಎಂಬುದರ ಮೇಲೆ ಅದರ ನಡತೆ ಬೇರೆಯಾಗುತ್ತದೆ. ಕನ್ನಡಿಗೆ ಬಿದ್ದ ಬೆಳಕು ಹಿಂದಿರುಗುತ್ತದೆ. ಗಾಜಿನೊಳಗೆ, ನೀರಿನೊಳಗೆ ಓರೆಯಾಗಿ ನುಗ್ಗುವಾಗ ಬಾಗುತ್ತದೆ. ಆದುದರಿಂದಲೇ ಬಾನಿಯಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುವುದು. ಕಪ್ಪು ಕೊಡೆಯ ಬಟ್ಟೆ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಇನ್ನು ಮಸೀದಿಯ ಕಿಟಕಿಯಿಂದ ಒಳಬಂದ ಬಿಸಿಲುಕೋಲನ್ನು ನೆನೆಯಿರಿ. ಅದರಲ್ಲಿ ತೇಲುವ ಧೂಳಿನ ಕಣಗಳು ಬೆಳಕನ್ನು ನಾಲ್ಕೂ ಕಡೆಗೆ ಎರಚುವುದರಿಂದಲೇ ಆ ಬಿಸಿಲುಕೋಲು ನಮ್ಮ ಕಣ್ಣಿಗೆ ಕಾಣುವುದು. ಇದಕ್ಕೆ ಚದುರುವಿಕೆ ಎಂದು ಹೆಸರು. ಧೂಳು ಮಾತ್ರವಲ್ಲ, ಗಾಳಿಯ ಅಣುಗಳೂ ಬೆಳಕನ್ನು ಚದುರಿಸುತ್ತವೆ. ಕೆಂಪಿಗಿಂತ ನೀಲಿ ಬೆಳಕು ಹೆಚ್ಚು ಚದುರುತ್ತದೆ. ಆಕಾಶ ನೀಲಿಯಾಗಿರುವುದು ಇದರಿಂದ. ರಾಮನ್ ಅವರು ಬದುಕಿಡೀ ಬೆನ್ನು ಹತ್ತಿದ್ದು ಹೆಚ್ಚಾಗಿ ಈ ಚದುರುವಿಕೆಯನ್ನೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯ ಬಳಿಯ ತಿರುವಾನೈಕಾವಲ್ ಎಂಬಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಉಪಾಧ್ಯಾಯರು. ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಬೋಧಿಸಿದರು. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ, ಪುಸ್ತಕಗಳಿದ್ದವು. ಹುಡುಗ 11ನೆಯ ವಯಸ್ಸಿಗೇ ಮೆಟ್ರಿಕ್ ಮುಗಿಸಿದ. 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಮೊದಲಿಗನಾಗಿ ಬಿ.ಎ. ಪದವಿ ಪಡೆದ. ಎಂ.ಎ. ಓದುತ್ತಿದ್ದಾಗ, 18ರ ಪ್ರಾಯದಲ್ಲಿ, ಬೆಳಕಿನ ಕುರಿತು ತಾನೇ ನಡೆಸಿದ ಪ್ರಯೋಗವೊಂದನ್ನು ಬರೆದು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಗೆ ಕಳುಹಿಸಿದ. 1906ರಲ್ಲಿ ಅದು ಪ್ರಕಟವಾಯಿತು.

ಮುಂದಿನ ಓದಿಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಪರೀಕ್ಷಿಸಿದ ವೈದ್ಯರು ಈ ದುರ್ಬಲ ದೇಹ ಅಲ್ಲಿಯ ಚಳಿಯನ್ನು ತಾಳದು ಎಂದು ತಡೆದರು. ಹುಡುಗ ನಿರಾಶನಾಗಿ ಕೂರಲಿಲ್ಲ. ಸರಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲ ಸ್ಥಾನದಲ್ಲಿ ತೇರ್ಗಡೆಯಾದ. 1907ರಲ್ಲಿ ಲೋಕಸುಂದರಿ ಅವರನ್ನು ವಿವಾಹವಾಗಿ ಕಲ್ಕತ್ತಾದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದ.

ಕಚೇರಿಗೆ ಮುನ್ನ, ಕಚೇರಿಯ ಬಳಿಕ

ಕೈತುಂಬ ಸಂಬಳದ ಸರಕಾರಿ ಉದ್ಯೋಗ ಸಿಕ್ಕಿದ ಮೇಲೆ ವಿದ್ಯೆಯ ಹಸಿವು ಇಂಗಿಹೋಗುವುದೇ ಲೋಕದ ರೂಢಿ. ರಾಮನ್ ಅವರಲ್ಲಿ ಹಾಗಾಗಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಘವೊಂದರ ಹಲಗೆ ಅವರ ಕಣ್ಣಿಗೆ ಬಿತ್ತು. ಅದನ್ನು 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬವರು ಸ್ಥಾಪಿಸಿದ್ದರು. ಉಪಕರಣಗಳಿದ್ದವು, ಬಳಸುವವರಿರಲಿಲ್ಲ. ರಾಮನ್ ಅಲ್ಲಿ ಕೆಲಸ ಮಾಡಲು ಅನುಮತಿ ಕೇಳಿದರು, ಸಿಕ್ಕಿತು. ಅಶುತೋಷ್ ಡೇ ಎಂಬ ಸಹಾಯಕರು ಜೊತೆಯಾದರು. ಬೆಳಗಿನ ಜಾವ ಸಂಘಕ್ಕೆ ಹೋಗಿ ಪ್ರಯೋಗ, ಅನಂತರ ಮನೆಗೆ ಬಂದು ಕಚೇರಿಗೆ ಹೊರಡುವುದು, ಸಂಜೆ ಕಚೇರಿಯಿಂದ ನೇರವಾಗಿ ಮತ್ತೆ ಸಂಘಕ್ಕೆ, ರಾತ್ರಿ ಬಹಳ ಹೊತ್ತಿನ ಮೇಲೆ ಮನೆಗೆ. ರಂಗೂನು ಮತ್ತು ನಾಗಪುರಗಳಿಗೆ ವರ್ಗವಾಗಿದ್ದ ಕಾಲವನ್ನು ಬಿಟ್ಟರೆ ಸುಮಾರು ಹತ್ತು ವರ್ಷ ಇದೇ ದಿನಚರಿ. ಪುರಸೊತ್ತಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಈ ದಿನಚರಿಯಲ್ಲೊಂದು ಪಾಠವಿದೆ.

1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಹೆಸರಾಗಿದ್ದ ಅಶುತೋಷ್ ಮುಖರ್ಜಿಯವರ ಆಹ್ವಾನದಂತೆ ಅವರು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. ಸರಕಾರಿ ಕೆಲಸ ಬಿಟ್ಟರೆ ಸಂಬಳ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವೂ ಇತ್ತು. ಅದಕ್ಕಾಗಿ ವಿದೇಶಕ್ಕೆ ಹೋಗಲು ರಾಮನ್ ಒಪ್ಪಲಿಲ್ಲ. ನಿಯಮವೇ ಸಡಿಲವಾಯಿತು. ಹಣ ಕಡಿಮೆಯಾಯಿತು, ವಿದ್ಯೆಗೆ ಇಡೀ ದಿನ ದೊರೆಯಿತು.

ಹಡಗಿನ ಮೇಲೊಂದು ಪರೀಕ್ಷೆ

1921ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕಾಗಿ ಅವರು ಮೊದಲ ಬಾರಿ ವಿದೇಶಕ್ಕೆ ಹೋದರು. ಸಪ್ಟೆಂಬರಿನಲ್ಲಿ ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿದಿಟ್ಟಿತು. ಬೆಳಕಿನ ಚದುರುವಿಕೆಯಿಂದ ಆಕಾಶ ನೀಲಿಯಾಗುತ್ತದೆಂದು ತೋರಿಸಿಕೊಟ್ಟ ಲಾರ್ಡ್ ರೇಲೇ ಅವರೇ, ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಫಲನವಷ್ಟೆ ಎಂದಿದ್ದರು. ರೇಲೇ ನೊಬೆಲ್ ಪುರಸ್ಕೃತರು. ಅವರ ಮಾತನ್ನು ಅಲ್ಲಗಳೆಯುವ ಧೈರ್ಯ ಸುಲಭವಾಗಿ ಬರುವಂತಹದಲ್ಲ.

ರಾಮನ್ ಅವರ ಬಳಿ ಹರಳಿನಿಂದ ಮಾಡಿದ ನಿಕೋಲ್ ಪಟ್ಟಕವೆಂಬ ಪುಟ್ಟ ಉಪಕರಣವಿತ್ತು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಓರೆಯಲ್ಲಿ ಪ್ರತಿಫಲಿಸಿ ಬರುವ ಬೆಳಕಿನ ಕಂಪನಗಳು ಒಂದೇ ದಿಕ್ಕಿಗೆ ಸೀಮಿತವಾಗಿರುತ್ತವೆ. ನಿಕೋಲ್ ಪಟ್ಟಕವನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಅಂತಹ ಬೆಳಕು ಅದರಲ್ಲಿ ತಡೆದುಹೋಗುತ್ತದೆ. ಎಂದರೆ ಆಕಾಶದ ಬಿಂಬವನ್ನು ಅಳಿಸಿ ಕಡಲನ್ನು ನೋಡಬಹುದು. ಕಡಲಿನ ನೀಲಿ ಬರೇ ಬಿಂಬವಾಗಿದ್ದರೆ ಅದು ಮಾಯವಾಗಬೇಕಿತ್ತು. ರಾಮನ್ ನೋಡಿದರು. ನೀಲಿ ಮಾಯವಾಗಲಿಲ್ಲ, ಮೊದಲಿಗಿಂತಲೂ ದಟ್ಟವಾಗಿ ಕಂಡಿತು. ನೀಲಿ ಬರುತ್ತಿದ್ದುದು ನೀರಿನ ಒಳಗಿನಿಂದಲೇ. ನೀರಿನ ಅಣುಗಳು ಬೆಳಕನ್ನು ಚದುರಿಸಿ ನೀಲಿಯನ್ನು ಹಿಂದಕ್ಕೆ ಕಳುಹಿಸುತ್ತವೆ ಎಂದು ಅವರು ಬರೆದರು. ಆಳವಾದ ನೀರು ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಇಂದು ತಿಳಿದಿದೆ. ಬೊಗಸೆಯ ನೀರಿಗೆ ಆ ಆಳವಿಲ್ಲ. ಆದ್ದರಿಂದ ಅದರಲ್ಲಿ ಬಣ್ಣವೂ ಕಾಣುವುದಿಲ್ಲ.

ಒಂಬೈನೂರು ವರ್ಷಗಳ ಹಿಂದಿನ ಹೆಜ್ಜೆ

ಹಿರಿಯ ವಿದ್ವಾಂಸರ ಮಾತನ್ನು ಗೌರವದಿಂದ ಕೇಳಿ, ಬಳಿಕ ಪರೀಕ್ಷೆಗೆ ಒಡ್ಡುವ ಈ ದಾರಿ ನಮ್ಮ ಓದುಗರಿಗೆ ಅಪರಿಚಿತವಾಗಬಾರದು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಬೆಳಕಿನ ಶಾಸ್ತ್ರದಲ್ಲಿ ಇದೇ ದಾರಿಯಲ್ಲಿ ನಡೆದಿದ್ದರು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆ ಎಂದು ಯೂಕ್ಲಿಡ್, ಟಾಲೆಮಿಯಂತಹ ಗ್ರೀಕ್ ಪಂಡಿತರು ನಂಬಿದ್ದರು. ಹಾಗಿದ್ದರೆ ಸೂರ್ಯನನ್ನು ದಿಟ್ಟಿಸಿದಾಗ ಕಣ್ಣಿಗೇಕೆ ನೋವಾಗಬೇಕು? ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಾವು ಕಾಣುತ್ತೇವೆ ಎಂದು ಇಬ್ನುಲ್ ಹೈಸಮ್ ತಮ್ಮ ಕಿತಾಬುಲ್ ಮನಾಝಿರ್ ಗ್ರಂಥದಲ್ಲಿ ಪ್ರಯೋಗಗಳ ಮೂಲಕ ಸ್ಥಾಪಿಸಿದರು. ಕನ್ನಡಿಯಲ್ಲಿ, ಗಾಜಿನಲ್ಲಿ, ನೀರಿನಲ್ಲಿ ಬೆಳಕು ಹೇಗೆ ನಡೆದುಕೊಳ್ಳುತ್ತದೆಂದು ಅಳೆದು ನೋಡಿದರು. ಅವರ ಗ್ರಂಥವನ್ನು ಓದಿ ಬೆಳೆದ ಕಮಾಲುದ್ದೀನ್ ಫಾರಿಸಿ, ನೀರು ತುಂಬಿದ ಗಾಜಿನ ಗೋಳದ ಮೇಲೆ ಬೆಳಕು ಹಾಯಿಸಿ, ಮಳೆಹನಿಯಲ್ಲಿ ಕಾಮನಬಿಲ್ಲು ಹೇಗೆ ಮೂಡುತ್ತದೆಂದು ತೋರಿಸಿದರು. ಲ್ಯಾಟಿನ್ ಭಾಷೆಗೆ ಅನುವಾದವಾದ ಆ ಗ್ರಂಥವನ್ನು ಯೂರೋಪು ಶತಮಾನಗಳ ಕಾಲ ಓದಿತು. ಸೃಷ್ಟಿಯ ದೃಷ್ಟಾಂತಗಳ ಕುರಿತು ಚಿಂತಿಸಬೇಕೆಂಬ ಕುರ್‌ಆನಿನ ಕರೆಯನ್ನು ನಮ್ಮ ಪೂರ್ವಿಕರು ಹೀಗೆ ಕೈಗೆತ್ತಿಕೊಂಡಿದ್ದರು. ಜ್ಞಾನ ಒಂದು ಜನಾಂಗದ ಸೊತ್ತಲ್ಲ. ಬಸ್ರಾದವರು ಹಚ್ಚಿದ ದೀಪದಲ್ಲಿ ಯೂರೋಪಿನವರು ಓದಿದರು, ಅವರ ಪುಸ್ತಕಗಳಿಂದ ತಿರುಚಿನಾಪಳ್ಳಿಯ ಹುಡುಗ ಕಲಿತ.

1928ರ ಫೆಬ್ರವರಿ 28

ಕಲ್ಕತ್ತಾಕ್ಕೆ ಮರಳಿದ ರಾಮನ್ ಮತ್ತು ಅವರ ಶಿಷ್ಯರು ನೀರು, ಮಂಜುಗಡ್ಡೆ, ಬೆಂಜೀನ್, ಮದ್ಯಸಾರ, ಗಾಜು, ಹರಳುಗಳು ಹೀಗೆ ಒಂದೊಂದರ ಮೂಲಕವೂ ಬೆಳಕನ್ನು ಹಾಯಿಸಿ ನೋಡತೊಡಗಿದರು. 1923ರಲ್ಲಿ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ಒಂದು ವಿಚಿತ್ರ ಕಂಡಿತು. ಚದುರಿದ ಬೆಳಕಿನ ಜೊತೆಗೆ, ಅಲ್ಲಿ ಇರಬಾರದ ಬಣ್ಣದ ಮಸುಕು ಬೆಳಕೊಂದು ಇಣುಕುತ್ತಿತ್ತು. ದ್ರವದಲ್ಲಿ ಕಲ್ಮಷವಿರಬಹುದೆಂದು ಮತ್ತೆ ಮತ್ತೆ ಶುದ್ಧಿ ಮಾಡಿದರು. ಆದರೂ ಅದು ಹೋಗಲಿಲ್ಲ. ಬೇರೆಯವರಾದರೆ ಅಷ್ಟು ಅಲ್ಪವಾದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ರಾಮನ್ ಐದು ವರ್ಷ ಅದನ್ನು ಮರೆಯಲಿಲ್ಲ.

1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಎಂಬ ಶಿಷ್ಯನೊಂದಿಗೆ ಅವರು ಈ ಪ್ರಶ್ನೆಯನ್ನು ಬಿಗಿಯಾಗಿ ಹಿಡಿದರು. ಪ್ರಯೋಗ ಸರಳವಾಗಿತ್ತು. ಬಿಸಿಲನ್ನು ದೂರದರ್ಶಕದ ಮಸೂರದಿಂದ ಒಟ್ಟುಗೂಡಿಸಿ, ನೇರಿಳೆ ಬಣ್ಣವನ್ನು ಮಾತ್ರ ಬಿಡುವ ಗಾಜಿನ ಮೂಲಕ ದ್ರವದೊಳಗೆ ಹಾಯಿಸಿದರು. ನೋಡುವ ಕಣ್ಣಿಗೂ ದ್ರವಕ್ಕೂ ನಡುವೆ ನೇರಿಳೆಯನ್ನು ಸಂಪೂರ್ಣ ತಡೆದು ಹಸಿರನ್ನು ಮಾತ್ರ ಬಿಡುವ ಇನ್ನೊಂದು ಗಾಜನ್ನಿಟ್ಟರು. ಬೆಳಕು ತನ್ನ ಬಣ್ಣ ಬದಲಿಸದೆ ಚದುರಿದರೆ ಕಣ್ಣಿಗೆ ಕತ್ತಲೆಯೇ ಕಾಣಬೇಕು. ಆದರೆ ಕತ್ತಲೆ ಕಾಣಲಿಲ್ಲ. ಮಸುಕಾದ ಬೆಳಕೊಂದು ಬಂದೇ ಬಂತು. ದ್ರವದೊಳಗೆ ಬೆಳಕಿನ ಒಂದು ಅಂಶ ತನ್ನ ಬಣ್ಣವನ್ನೇ ಬದಲಿಸಿಕೊಂಡಿತ್ತು. ಅರುವತ್ತರಷ್ಟು ದ್ರವಗಳಲ್ಲಿ ಇದೇ ಫಲ ಸಿಕ್ಕಿತು. ಫೆಬ್ರವರಿ 28ರಂದು ಸಂಶಯ ತೀರಿತು. ಮರುದಿನ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಮಾರ್ಚ್ 16ರಂದು ಈ ಹೊಸ ವಿಕಿರಣದ ಕುರಿತು ರಾಮನ್ ಸವಿಸ್ತಾರವಾಗಿ ಉಪನ್ಯಾಸ ನೀಡಿದ್ದು ನಮ್ಮ ಬೆಂಗಳೂರಿನಲ್ಲಿ. ಉಪಕರಣಗಳಿಗೆ ತಗುಲಿದ ವೆಚ್ಚ ಕೆಲವು ನೂರು ರೂಪಾಯಿಗಳಷ್ಟೆ ಎಂದು ಹೇಳುತ್ತಾರೆ.

ಇದರ ಮರ್ಮವನ್ನು ಹೀಗೆ ತಿಳಿಯಬಹುದು. ಹಿಂದಿನ ಕಾಲದಲ್ಲಿ ಸಂತೆಯ ದಾರಿಯಲ್ಲಿ ಸುಂಕದ ಕಟ್ಟೆಗಳಿದ್ದವು. ಒಂದೊಂದು ಕಟ್ಟೆಯ ಸುಂಕ ಒಂದೊಂದು ಬಗೆ. ಹೊರಡುವಾಗ ಚೀಲದಲ್ಲಿ ಎಷ್ಟು ಹಣವಿತ್ತು, ಬಂದಾಗ ಎಷ್ಟು ಉಳಿಯಿತು ಎಂದು ಎಣಿಸಿದರೆ ಆತ ಯಾವ ಕಟ್ಟೆಯನ್ನು ದಾಟಿ ಬಂದನೆಂದು ಹೇಳಬಹುದಿತ್ತು. ವಸ್ತುವಿನ ಅಣುಗಳು ಸದಾ ಕಂಪಿಸುತ್ತಿರುತ್ತವೆ. ಅವನ್ನು ಸಂಧಿಸಿದ ಬೆಳಕಿನಲ್ಲಿ ಬಹು ಅಲ್ಪ ಅಂಶ, ಸುಮಾರು ಕೋಟಿಗೊಂದು ಪಾಲು, ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿಗೆ ತೆತ್ತು ಕೆಂಪಿನ ಕಡೆಗೆ ಜಾರುತ್ತದೆ. ಕೆಲವೊಮ್ಮೆ ಅಣುವಿನಿಂದಲೇ ಪಡೆದು ನೇರಿಳೆಯ ಕಡೆಗೆ ಏರುತ್ತದೆ. ಎಷ್ಟು ಕೊಟ್ಟಿತು, ಎಷ್ಟು ಪಡೆಯಿತು ಎಂಬುದು ಒಂದೊಂದು ವಸ್ತುವಿಗೆ ಒಂದೊಂದು. ಆದ್ದರಿಂದ ಹೊರಬಂದ ಬೆಳಕನ್ನು ಅಳೆದರೆ ಸಾಕು, ವಸ್ತು ಯಾವುದೆಂದು ತಿಳಿಯುತ್ತದೆ. ಇದೇ ರಾಮನ್ ಪರಿಣಾಮ. 1960ರಲ್ಲಿ ಲೇಸರ್ ಬಂದ ಮೇಲೆ ಇದರ ಬಳಕೆ ಬಹಳ ಹೆಚ್ಚಿತು. ನಕಲಿ ಔಷಧಿಯನ್ನು ಪೊಟ್ಟಣ ಬಿಚ್ಚದೆ ಪತ್ತೆ ಮಾಡಲು, ರತ್ನದ ಅಸಲಿತನವನ್ನು ಅದಕ್ಕೆ ಗೀರೂ ಬೀಳದಂತೆ ಪರೀಕ್ಷಿಸಲು ಈ ವಿಧಾನವನ್ನು ಬಳಸುತ್ತಾರೆ. 2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಅಮೆರಿಕದ ವಾಹನವೂ ಅಲ್ಲಿಯ ಕಲ್ಲುಗಳನ್ನು ಪರೀಕ್ಷಿಸಲು ಈ ವಿಧಾನದ ಉಪಕರಣಗಳನ್ನು ಕೊಂಡೊಯ್ದಿತ್ತು.

ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಸ್ಫಟಿಕ ಶಿಲೆಯಲ್ಲಿ ಇದನ್ನು ಸ್ವತಂತ್ರವಾಗಿ ಕಂಡಿದ್ದರು ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. 1930ರ ನೊಬೆಲ್ ಪುರಸ್ಕಾರ ರಾಮನ್ ಒಬ್ಬರಿಗೇ ಸಂದಿತು. ವಿಜ್ಞಾನದಲ್ಲಿ ಅದನ್ನು ಪಡೆದ ಮೊದಲ ಏಷ್ಯದವರು ಅವರು. ಸ್ಟಾಕ್‌ಹೋಮಿನ ಸಭೆಯಲ್ಲಿ ತಾನು ಬ್ರಿಟಿಷ್ ಬಾವುಟದ ಕೆಳಗೆ ಕುಳಿತಿರುವುದನ್ನು ಕಂಡು, ತನ್ನ ನಾಡಿಗೆ ಸ್ವಂತ ಬಾವುಟವಿಲ್ಲವೆಂಬ ನೋವಿನಿಂದ ಅವರ ಕಣ್ಣು ತುಂಬಿತ್ತು. ಅವರು ಮದ್ಯ ಮುಟ್ಟುವವರಲ್ಲ. ಆ ಔತಣಕೂಟದಲ್ಲಿಯೂ ತಮ್ಮ ನಿಯಮವನ್ನು ಸಡಿಲಿಸಲಿಲ್ಲವೆಂದು ಹೇಳುತ್ತಾರೆ. ದೊಡ್ಡವರ ಪಂಕ್ತಿಯಲ್ಲಿ ಕುಳಿತಾಗ ತಮ್ಮ ನಿಯಮಗಳ ಬಗ್ಗೆ ನಾಚಿಕೊಳ್ಳುವ ಯುವಕರು ಇದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ, ಮತ್ತು ಒಂದು ತಪ್ಪು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಹಿಟ್ಲರನ ಕಾಲದಲ್ಲಿ ಜರ್ಮನಿಯಿಂದ ಹೊರದೂಡಲ್ಪಟ್ಟ ಮ್ಯಾಕ್ಸ್ ಬಾರ್ನ್ ಎಂಬ ಮಹಾ ವಿಜ್ಞಾನಿಯನ್ನು ಕರೆಸಿ ಇಲ್ಲಿ ಪಾಠ ಹೇಳಿಸಿದರು. ಆದರೆ ಅವರದು ಮುಂಗೋಪದ ಸ್ವಭಾವ. ಮಾತು ಹರಿತ. ಸಂಸ್ಥೆಯ ಆಡಳಿತದೊಂದಿಗೆ ಘರ್ಷಣೆ ಬೆಳೆದು 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರ ವರೆಗೆ ಅಲ್ಲೇ ಮುಂದುವರಿದರು.

ಬೆಂಗಳೂರಿಗೆ ಬಂದ ವರ್ಷವೇ ನಡೆದ ಇನ್ನೊಂದು ಘಟನೆಯನ್ನು ಮರೆಮಾಚಬಾರದು. ಬೊಂಬಾಯಿ ವಿಶ್ವವಿದ್ಯಾನಿಲಯದಿಂದ ಉನ್ನತ ಶ್ರೇಣಿಯಲ್ಲಿ ಬಿ.ಎಸ್ಸಿ. ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಹೆಣ್ಣುಮಗಳು ಸಂಶೋಧನೆಗೆ ಅವಕಾಶ ಬೇಡಿ ಬಂದಳು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಹೆಣ್ಣೆಂಬ ಒಂದೇ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಹಿಂದಿರುಗಲಿಲ್ಲ. ಪಟ್ಟು ಹಿಡಿದು ಕಾದಳು. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇರಬೇಕೆಂಬ ಷರತ್ತಿನೊಂದಿಗೆ ಬಾಗಿಲು ತೆರೆಯಿತು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಕುರಿತು ಆಕೆ ಮಾಡಿದ ಕೆಲಸವನ್ನು ಕಂಡು ವರ್ಷ ಕಳೆದ ಮೇಲೆ ರಾಮನ್ ತೃಪ್ತರಾದರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು. ಹವಾಮಾನ ವಿಜ್ಞಾನದಲ್ಲಿ ಹೆಸರಾದ ಅಣ್ಣಾ ಮಣಿ ಅವರ ಕೈಕೆಳಗೇ ವಜ್ರಗಳ ಕುರಿತು ಸಂಶೋಧನೆ ನಡೆಸಿದವರು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೊನಿ ಎಂದು ಲೋಕ ಬಲ್ಲದ್ದು ಅವರನ್ನೇ.

ಕಡಲಿನ ನೀಲಿಯ ವಿಷಯದಲ್ಲಿ ರೇಲೇಯವರ ಮಾತನ್ನು ಪರೀಕ್ಷಿಸದೆ ಒಪ್ಪದ ರಾಮನ್, ಹೆಣ್ಣುಮಕ್ಕಳ ವಿಷಯದಲ್ಲಿ ಲೋಕದ ಮಾತನ್ನು ಪರೀಕ್ಷಿಸದೆ ಒಪ್ಪಿಬಿಟ್ಟಿದ್ದರು. ಕೋಟಿಗೊಂದು ಪಾಲು ಬೆಳಕನ್ನು ಗುರುತಿಸಿದ ಕಣ್ಣು ಎದುರಿಗೆ ನಿಂತ ವಿದ್ಯಾರ್ಥಿನಿಯ ಯೋಗ್ಯತೆಯನ್ನು ಕಾಣದೆ ಹೋಯಿತು. ಪರೀಕ್ಷೆಯ ಫಲ ಕಣ್ಣೆದುರು ಬಂದಾಗ ತಮ್ಮ ನಿಲುವನ್ನು ಬಿಟ್ಟುಕೊಟ್ಟರು ಎಂಬುದು ಅವರ ಪಾಲಿನ ಒಳ್ಳೆಯ ಮಾತು. ಆದರೆ ಆ ಒಂದು ವರ್ಷದ ಅವಮಾನವನ್ನು ಉಂಡವಳು ಆಕೆ.

ವಜ್ರ, ಮುತ್ತು, ನವಿಲುಗರಿ

ಹಿಂದಿನ ಮೈಸೂರು ಸಂಸ್ಥಾನ ಅಕಾಡೆಮಿಗೆ ನೀಡಿದ್ದ ಬೆಂಗಳೂರಿನ ಸ್ಥಳದಲ್ಲಿ 1948ರಿಂದ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ನಡೆಸಿದರು. ಸರಕಾರದ ಹಣ ಕೈ ಕಟ್ಟಿಹಾಕುತ್ತದೆಂದು ಬಗೆದು, ದಾನಿಗಳ ಬಳಿಗೆ ತಾವೇ ಹೋಗಿ ಹಣ ಕೂಡಿಸಿದರು. ಅಲ್ಲಿ ವಜ್ರಗಳು, ಕಲ್ಲುಗಳು, ಮುತ್ತುಗಳು, ಚಿಪ್ಪುಗಳು, ಚಿಟ್ಟೆಗಳು, ಹಕ್ಕಿಯ ಗರಿಗಳು ಸಂಗ್ರಹವಾದವು. ಮುತ್ತಿನ ಹೊಳಪು ಎಲ್ಲಿಂದ? ನವಿಲುಗರಿಯ ನೀಲಿಹಸಿರು ಯಾವುದರದು? ಅದು ಬಣ್ಣ ಬಳಿದುದಲ್ಲ. ಮುತ್ತಿನಲ್ಲಿ ತೆಳ್ಳನೆಯ ಪದರಗಳು ಒಂದರ ಮೇಲೊಂದಿವೆ, ಗರಿಯಲ್ಲಿ ಅತಿ ಸೂಕ್ಷ್ಮವಾದ ಜೋಡಣೆಯಿದೆ. ಅವುಗಳಿಂದ ಮರಳಿದ ಬೆಳಕಿನ ಅಲೆಗಳು ಪರಸ್ಪರ ಕೂಡಿ ಕೆಲವು ಬಣ್ಣಗಳನ್ನು ಬೆಳಗಿಸುತ್ತವೆ, ಕೆಲವನ್ನು ಅಳಿಸುತ್ತವೆ. ಓರೆಯಾಗಿ ತಿರುಗಿಸಿದಾಗ ಬಣ್ಣ ಬದಲಾಗುವುದು ಅದಕ್ಕಾಗಿಯೇ.

1954ರಲ್ಲಿ ಭಾರತ ರತ್ನ ಬಂತು. ಎಂಬತ್ತು ದಾಟಿದರೂ ಅವರು ಹೂವುಗಳ ಬಣ್ಣ ಮತ್ತು ಕಣ್ಣಿನ ನೋಟದ ಕುರಿತು ಕೆಲಸ ನಿಲ್ಲಿಸಲಿಲ್ಲ. 1970ರ ನವೆಂಬರ್ 21ರಂದು ತಮ್ಮ ಸಂಸ್ಥೆಯ ಆವರಣದಲ್ಲಿಯೇ ನಿಧನರಾದರು. ಅವರ ಇಚ್ಛೆಯಂತೆ ಅಲ್ಲೇ ದಹನ ನಡೆಯಿತು. ಅಲ್ಲಿ ಗೋರಿಯಿಲ್ಲ, ಪ್ರತಿಮೆಯಿಲ್ಲ. ಒಂದು ಮರ ನೆಟ್ಟಿದ್ದಾರೆ. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

ಓದುಗ ಬಂಧುಗಳೇ, ಮಕ್ಕಳು ಪ್ರಶ್ನೆ ಕೇಳಿದಾಗ ಗದರಿಸಬೇಡಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವುದು ಅಪಮಾನವಲ್ಲ. ಇಂದು ರಾತ್ರಿ ಮಗ್ರಿಬ್ ಕಳೆದ ಮೇಲೆ ಒಂದು ಕೆಲಸ ಮಾಡಿರಿ. ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಕೆಲವೇ ಹನಿ ಹಾಲು ಬೆರೆಸಿರಿ. ದೀಪ ಆರಿಸಿ ಒಂದು ಪಕ್ಕದಿಂದ ಟಾರ್ಚ್ ಹಾಯಿಸಿರಿ. ಬದಿಯಿಂದ ನೋಡಿದರೆ ನೀರಿನಲ್ಲಿ ತೆಳುನೀಲಿ ಛಾಯೆ, ಎದುರಿನಿಂದ ನೋಡಿದರೆ ಟಾರ್ಚಿನ ಬೆಳಕಿನಲ್ಲಿ ಹಳದಿಗೆಂಪು. ಹಗಲಿನ ಆಕಾಶವೂ ಮುಳುಗುವ ಸೂರ್ಯನೂ ಆ ಒಂದು ಲೋಟದಲ್ಲಿವೆ. ಮಗ ಲೋಟ ಹಿಡಿದಿರಲಿ. ಟಾರ್ಚನ್ನು ಮಗಳ ಕೈಗೆ ಕೊಡಿರಿ. ಆಕೆ ಮುಂದಿನ ಪ್ರಶ್ನೆ ಕೇಳಿದರೆ, ಅದರ ಉತ್ತರಕ್ಕಾಗಿ ಹೈಸ್ಕೂಲಿಗೆ, ಕಾಲೇಜಿಗೆ ಹೋಗಬೇಕೆಂದರೆ, ಬಾಗಿಲಲ್ಲಿ ಅಡ್ಡ ನಿಲ್ಲಬೇಡಿರಿ.